ಮಲಗೇ ಉಳಿದ ಬಾಲಯೇಸು

ಮುಕುರೀ ಊರಿನಲ್ಲಿ ದನ ಕಳುವಾದರೆ ಜನ ಪೊಲೀಸರ ಹತ್ತಿರ ಹೋಗುತ್ತಾರೆ. ಗೋದಲಿಯ ಬಾಲಯೇಸು ಕಳುವಾದರೆ ಮೇಣದಬತ್ತಿ ತರಲು ಅಂಗಡಿಗೆ ಹೋಗುತ್ತಾರೆ. ಜನವರಿಯ ಮೂರನೆಯ ಗುರುವಾರ ಬೆಳಿಗ್ಗೆ ಕುಸ್ತೋದಿಯೊ ಮಾತ್ರ ಎರಡೂ ಕಡೆ ಹೋಗದೆ ತನ್ನ ನಡುಮನೆಯಲ್ಲಿ ಬಾಯಿ ತೆರೆದು ನಿಂತಿದ್ದ. ರಾತ್ರಿ ತಾನೇ ಕೈಯಾರೆ ಬೀಗ ಹಾಕಿದ ಕೋಣೆ ಅದು. ಬೀಗದ ಕೈ ಸೊಂಟದಲ್ಲೇ ನೇತಾಡುತ್ತಿತ್ತು. ಗೋದಲಿಯಲ್ಲಿ ಹಸು ಇತ್ತು, ಕತ್ತೆ ಇತ್ತು, ಮರಿಯ ಮತ್ತು ಜೋಸೆಫ್ ಇದ್ದರು. ಅವರ ನಡುವೆ, ಹುಲ್ಲಿನ ಹಾಸಿಗೆಯ ತಗ್ಗಿನಲ್ಲಿ, ಮಗುವಿನ ಬದಲು ಒಂದು ಮೋಟು ಮೇಣದಬತ್ತಿ ಮಲಗಿತ್ತು.

ಆ ಮೋಟು ಬತ್ತಿ ಕಳ್ಳರು ಬಿಟ್ಟುಹೋಗುವ ಗುರುತು. ವೆನೆಜುವೆಲದ ಮೆರಿದ ಪಟ್ಟಣದ ಮೇಲಿನ ಬೆಟ್ಟಗಳಲ್ಲಿ ಅದರ ಅರ್ಥ ಗೊತ್ತಿಲ್ಲದವರಿಲ್ಲ. ಕ್ರಿಸ್‌ಮಸ್ ದಿನ ಹುಟ್ಟಿದ ಮಗುವನ್ನು ಹೊಸ ವರ್ಷ ಕಳೆದ ಮೇಲೂ ಮಲಗಿಸಿ ಇಡುವಂತಿಲ್ಲ, ಎತ್ತಿ ನಿಲ್ಲಿಸಬೇಕು. ಆ ಶಾಸ್ತ್ರಕ್ಕೆ ಪರದೂರ ಎಂದು ಹೆಸರು. ಫೆಬ್ರವರಿ ಎರಡರ ಮೇಣದಬತ್ತಿ ಹಬ್ಬದೊಳಗೆ ಅದು ಮುಗಿಯಬೇಕು. ನೆರೆಹೊರೆಯವರು ಸೇರಿ, ಮೇಣದಬತ್ತಿ ಹಚ್ಚಿ, ಜಪಸರ ಹೇಳುತ್ತಾರೆ. ಮಗುವನ್ನು ಒಂದು ವಸ್ತ್ರದಲ್ಲಿ ಮಲಗಿಸಿ, ಧರ್ಮದ ತಂದೆತಾಯಿ ಎನಿಸಿದ ನಾಲ್ವರು ಅದರ ನಾಲ್ಕು ಮೂಲೆ ಹಿಡಿದು, ಅಂಗಳ ಸುತ್ತಿಸಿ ತಂದು ಗೋದಲಿಯಲ್ಲಿ ನಿಲ್ಲಿಸುತ್ತಾರೆ. ತಡ ಮಾಡಿದವರ ಮನೆಯಿಂದ ಮಗುವನ್ನು ಕದ್ದರೆ ಯಾರೂ ಪಾಪ ಎನ್ನುವುದಿಲ್ಲ. ಕಳೆದುಕೊಂಡವನು ಊರವರನ್ನು ಕಟ್ಟಿಕೊಂಡು, ಮನೆಮನೆಯ ಬಾಗಿಲಲ್ಲಿ ಹಾಡಿ, ಹುಡುಕಿ ತರಬೇಕು. ತಂದ ಮೇಲೆ ಅವನ ಮನೆಯಲ್ಲಿ ಪರದೂರ ನಡೆಯಲೇಬೇಕು.

ಕುಸ್ತೋದಿಯೊಗೆ ಬೇಡವಾಗಿದ್ದದ್ದು ಅದೇ.

ಅವನ ತಂದೆಯ ಕಾಲದಲ್ಲಿ ಆ ಮನೆಯ ಪರದೂರವೆಂದರೆ ಹತ್ತು ಜನ, ಒಂದು ಪಿಟೀಲು, ಒಂದು ಪಾತ್ರೆ ಹಾಲು. ಕುಸ್ತೋದಿಯೊ ಯಜಮಾನನಾದ ಮೇಲೆ ಅದು ಬೆಳೆಯತೊಡಗಿತು. ಮೊದಲ ವರ್ಷ ಒಂದು ಕುರಿ, ಮರುವರ್ಷ ಎರಡು. ಆಮೇಲೆ ಪೇಟೆಯಿಂದ ಪೆಟ್ಟಿಗೆಗಟ್ಟಲೆ ವೈನು, ಇಪ್ಪತ್ತು ಮೊಟ್ಟೆಯ ಕೇಕುಗಳು, ಬಾಡಿಗೆಗೆ ಬಂದು ಹಾಡುವವರು, ಇಡೀ ಕಣಿವೆಯ ನಾಯಿಗಳು ಮಂಚದಡಿ ಸೇರುವಷ್ಟು ಪಟಾಕಿ. ಎರಡು ನೂರು ಜನ ಉಂಡು ಹೋಗುತ್ತಿದ್ದರು. ರೇಷ್ಮೆ ವಸ್ತ್ರದ ಮೂಲೆಗಳು ಅಂಗಡಿಯ ಹೆರ್ವಾಸಿಯೊಗೆ, ಲಾರಿ ಇಟ್ಟಿದ್ದವನಿಗೆ, ಪಂಚಾಯ್ತಿಯ ದೊಡ್ಡ ಮನುಷ್ಯರಿಗೆ. ಕುಸ್ತೋದಿಯೊನ ತಾಯಿ ಎಪಿಫಾನಿಯಜ್ಜಿಯ ಜಾಗ ಹಿಂದೆ ಅಡುಗೆಮನೆಯಲ್ಲಿ, ಒಲೆಯ ಮುಂದೆ. ಅದನ್ನು ಯಾರೂ ಅವಳಿಗೆ ಗೊತ್ತುಮಾಡಿ ಕೊಟ್ಟಿದ್ದಲ್ಲ, ಹಾಗೇ ಆಗಿಹೋಗಿತ್ತು.

ಈ ಸಲ ನವೆಂಬರಿನ ಹಿಮ ಬೆಳ್ಳುಳ್ಳಿಯನ್ನು ಹೊಲದಲ್ಲೇ ಸುಟ್ಟುಹಾಕಿತ್ತು. ಮನೆಯಲ್ಲಿ ಊಟಕ್ಕೆ ಕೊರತೆಯಿರಲಿಲ್ಲ, ಮೆರೆಯುವಷ್ಟು ಮಾತ್ರ ಇರಲಿಲ್ಲ. ಸಣ್ಣದಾಗಿ ಮಾಡೋಣ ಎಂದು ಹೆಂಡತಿ ಮೌರ ಹೇಳಿದ್ದಕ್ಕೆ ಅವನು ಸಿಡುಕಿದ್ದ.

"ಮಾಡಿದ್ರೆ ಊರು ನೋಡೋ ಹಂಗೆ ಮಾಡ್ಬೇಕು. ಇಲ್ದಿದ್ರೆ ಬಾಗ್ಲು ಹಾಕ್ಕೊಂಡು ತೆಪ್ಪಗಿರ್ಬೇಕು. ಕುಸ್ತೋದಿಯೊ ಮನೇಲಿ ಬರೀ ಬೆಲ್ಲದ ನೀರು ಕೊಟ್ರು ಅಂತ ಅನ್ನಿಸ್ಕೊಳ್ಳೋಕಾಗಲ್ಲ ನನ್ನ ಕೈಲಿ."

"ಹಂಗಂತ ಮಗು ಮಲಗೇ ಇರ್ಬೇಕಾ?" ಎಂದಳು ಮೌರ.

"ಒಂದು ವರ್ಷ ಮಲಗಿರ್ಲಿ. ಏನೀಗ? ಮುಂದಿನ ವರ್ಷ ಡಬ್ಬಲ್ ಮಾಡ್ತೀನಿ."

ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ ಎಪಿಫಾನಿಯಜ್ಜಿ ತಲೆಯೆತ್ತದೆ ಹೇಳಿದಳು: "ಮುಂದಿನ ವರ್ಷ ಮಗು ಇರುತ್ತೆ ಕಣಪ್ಪ. ನಾನಿರ್ತೀನಾ?"

"ಹತ್ತು ವರ್ಷದಿಂದ ಇದೇ ಹಾಡು ಅವ್ವಾ ನಿಂದು."

ಎಂಬತ್ತೆರಡರ ಮುದುಕಿ ಇನ್ನೊಂದು ಆಲೂಗಡ್ಡೆ ಕೈಗೆತ್ತಿಕೊಂಡಳು. ಕದಿಯುವವರ ಭಯಕ್ಕೆ ಅಂದೇ ನಡುಮನೆಗೆ ಬೀಗ ಬಿತ್ತು. ಅಷ್ಟು ಮಾಡಿದರೂ ಮಗು ಹೋಯಿತು.

ಕುಸ್ತೋದಿಯೊಗೆ ಮೊದಲು ಅನುಮಾನ ಬಂದದ್ದು ಹೆರ್ವಾಸಿಯೊ ಮೇಲೆ. ವೈನಿನ ರುಚಿ ಬಲ್ಲ ನಾಲಿಗೆ ಅದು, ಬಿಟ್ಟಿ ಸಿಕ್ಕರಂತೂ ಬಿಡುವುದಿಲ್ಲ. ನೇರ ಅಂಗಡಿಗೆ ನುಗ್ಗಿದ.

"ಕೊಡ್ರೀ ನಮ್ಮ ಮಗೂನ!"

ಹೆರ್ವಾಸಿಯೊ ಸಕ್ಕರೆ ತೂಗುತ್ತಿದ್ದವನು ಹೊಟ್ಟೆ ಕುಣಿಸಿ ನಕ್ಕ. "ನಾನಾ? ಈ ಹೊಟ್ಟೆ ಇಟ್ಕೊಂಡು ನಿಮ್ಮ ಕಿಟಕೀಲಿ ತೂರಿದ್ದಿದ್ರೆ ಈಗ್ಲೂ ಅಲ್ಲೇ ಸಿಕ್ಕಾಕ್ಕೊಂಡಿರ್ತಿದ್ದೆ! ಅಂತೂ ಕಳುವಾಯ್ತು ಅನ್ನಿ. ಬಹಳ ಒಳ್ಳೇದಾಯ್ತು. ಈ ಸಲ ಎಷ್ಟು ಕುರಿ? ಇಡೀ ವೆನೆಜುವೆಲದಲ್ಲೇ ನಿಮ್ಮನೆಯಂಥ ಊಟ ಇಲ್ಲ ಕಣ್ರೀ."

"ಈ ಸಲ ಕುರಿ ಇಲ್ಲ."

"ವೈನು?"

"ಅದೂ ಇಲ್ಲ."

"ಓಹೋ," ಎಂದ ಹೆರ್ವಾಸಿಯೊ. ತಕ್ಕಡಿಯ ಕಡೆ ತಿರುಗಿ, ಆಗಲೇ ಸರಿಯಾಗಿದ್ದ ಸಕ್ಕರೆಯನ್ನು ಮತ್ತೊಮ್ಮೆ ತೂಗಿದ. "ಹುಡುಕೋದು ಭಾನುವಾರ ತಾನೆ? ನಂಗೆ ಸ್ವಲ್ಪ ಕೆಲಸ ಇರ್ಬಹುದು. ನೋಡೋಣ."

ಆ 'ನೋಡೋಣ' ಕುಸ್ತೋದಿಯೊನ ಎದೆಗೆ ಮುಳ್ಳಿನಂತೆ ನಾಟಿತು. ಅವನು ಹೆದರಿದ್ದದ್ದು ಇದಕ್ಕೇ. ಇಪ್ಪತ್ತು ವರ್ಷ ಉಣಿಸಿ ಕಟ್ಟಿದ ಹೆಸರು, ಒಂದು ಸಲ ಉಣಿಸದಿದ್ದರೆ ಸಕ್ಕರೆಯ ಪೊಟ್ಟಣದ ಹಿಂದೆ ಮರೆಯಾಗುವಂಥದ್ದು ಎಂದು ಅವನಿಗೆ ಒಳಗೊಳಗೆ ಗೊತ್ತಿತ್ತು. ಆದರೆ ಕಳುವಾದ ಮಗುವನ್ನು ಹುಡುಕದೆ ಬಿಡುವಷ್ಟು ಎದೆಗಾರಿಕೆ ಮುಕುರೀಯಲ್ಲಿ ಯಾರಿಗೂ ಇಲ್ಲ, ಅವನಿಗೂ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಮೌರ ಕೇರಿಯ ಮಕ್ಕಳನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದಳು. ಹಾಸಿಗೆಯ ಮೇಲುಹೊದಿಕೆ ಹೊದ್ದ ಒಬ್ಬಳು ಮರಿಯ, ಹುರಿಯಿಂದ ಗಡ್ಡ ಕಟ್ಟಿಕೊಂಡವನು ಜೋಸೆಫ್, ಬೆನ್ನಿಗೆ ರಟ್ಟಿನ ರೆಕ್ಕೆ ಅಂಟಿಸಿಕೊಂಡ ಆರು ದೇವದೂತರು. ದೊಡ್ಡವರು ಹನ್ನೆರಡೋ ಹದಿಮೂರೋ ಜನ ಇದ್ದರು. ಪಿಟೀಲಿನ ಓನೊಫ್ರೆ ಬಂದಿರಲಿಲ್ಲ.

"ಅವ್ವಾ, ನೀನು ಬರಲ್ವಾ?" ಎಂದು ಕುಸ್ತೋದಿಯೊ ಕೇಳಿದ.

"ಈ ಮಂಡಿ ಇಟ್ಕೊಂಡು ಎಲ್ಲಿಗ್ ಬರ್ಲಪ್ಪ? ನೀವ್ ಹೋಗ್ಬನ್ನಿ," ಎಂದಳು ಅಜ್ಜಿ, ಬಾಗಿಲಲ್ಲಿ ಕೂತು.

ಮೊದಲ ಬಾಗಿಲಲ್ಲೇ ಗೊತ್ತಾಯಿತು, ಹಾಡುವವರು ಯಾರೂ ಇಲ್ಲವೆಂದು. ಇಷ್ಟು ವರ್ಷ ಅವನು ಬಾಡಿಗೆಯ ಗಂಟಲುಗಳಲ್ಲಿ ದೇವರನ್ನು ಹೊಗಳಿಸಿದ್ದ. ಈಗ ಎಲ್ಲರೂ ಅವನ ಮುಖ ನೋಡಿದರು. ಮಗು ಕಳೆದುಕೊಂಡವನು ಅವನು, ಹಾಡಬೇಕಾದವನೂ ಅವನೇ. ಕುಸ್ತೋದಿಯೊ ಟೋಪಿ ತೆಗೆದು, ಗಂಟಲು ಸರಿಮಾಡಿಕೊಂಡು ಶುರು ಮಾಡಿದ:

"ಕದವ ತೆರೆಯಿರಿ ನೆರೆಮನೆಯವರೆ, ಕೂಸು ಕಳೆದು ಬಂದೆವು,
ನಿಮ್ಮ ಮನೆಯಲಿ ಮಲಗಿದ್ದರೆ ಎತ್ತಿಕೊಳಲು ಬಂದೆವು."

ಮೊದಲ ಸಾಲಿಗೇ ದನಿ ಒಡೆಯಿತು. ಬೇಲಿಯಾಚೆ ಕಟ್ಟಿದ್ದ ಕತ್ತೆಯೊಂದು ತಕ್ಷಣ ಉತ್ತರ ಕೊಟ್ಟಿತು. ದೇವದೂತರು ರೆಕ್ಕೆ ಮುರಿಯುವಂತೆ ನಕ್ಕರು. ಮೌರಳೂ ಸೆರಗಿನಂತೆ ಹೊದ್ದ ಶಾಲಿನಲ್ಲಿ ಮುಖ ಮುಚ್ಚಿಕೊಂಡಳು.

ಅದು ರುಪೆರ್ತಳ ಮನೆ. ಎರಡು ಹಸು ಕರೆದು, ಚೀಸು ಹೊಗೆಗಿಟ್ಟು ಮಾರಿ ಬದುಕುವ ಹೆಂಗಸು. ಬಾಗಿಲು ತೆರೆದವಳು ಕುಸ್ತೋದಿಯೊನನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದಳು.

"ಅಯ್ಯೋ ದೇವ್ರೆ, ನೀವಾ? ಇಪ್ಪತ್ತು ವರ್ಷ ನಾವು ನಿಮ್ಮನೆಗೆ ಬಂದಿದ್ದೇ ಬಂದಿದ್ದು. ನೀವು ನಮ್ಮ ಹೊಸ್ತಿಲು ತುಳಿದಿದ್ದು ಇದೇ ಮೊದ್ಲು ನೋಡಿ."

"ಮಗು ಇಲ್ಲಿದೆಯಾ?" ಎಂದು ಕೇಳಿದ ಅವನು. ಬೇರೆ ಮಾತು ತೋಚಲಿಲ್ಲ.

"ನಿಮ್ಮದಿಲ್ಲ. ನಮ್ಮದಿದೆ, ಬನ್ನಿ ತೋರಿಸ್ತೀನಿ."

ಒಲೆಯ ಪಕ್ಕದ ಗೂಡಿನಲ್ಲಿ ಒಂದು ಮೀನಿನ ಡಬ್ಬಿ. ಅದರೊಳಗೆ ಪಾಚಿ ಹಾಸಿ, ಜೋಳದ ದಿಂಡಿನಲ್ಲಿ ಕೆತ್ತಿದ ಬೆರಳುದ್ದದ ಬಾಲಯೇಸುವನ್ನು ನಿಲ್ಲಿಸಿದ್ದಳು. ಹೊಸ ವರ್ಷದ ಮಾರನೆಯ ದಿನವೇ ಅದು ಎದ್ದು ನಿಂತಿತ್ತು. "ಮೂರು ಜನ ಇದ್ವಿ. ನಾಲ್ಕನೇ ಮೂಲೇನ ಕುರ್ಚಿಗೆ ಕಟ್ಟಿದ್ವಿ," ಎಂದು ರುಪೆರ್ತ ನಕ್ಕಳು. ನಗುವಾಗ ನಾಚಿಕೆಯಿರಲಿಲ್ಲ. ಬಿಸಿ ಬೆಲ್ಲದ ನೀರಿನಲ್ಲಿ ಒಂದು ತುಂಡು ಚೀಸು ಮುಳುಗಿಸಿ ಎಲ್ಲರಿಗೂ ಕೊಟ್ಟಳು. ಊರು ನಗುತ್ತದೆಂದು ಕುಸ್ತೋದಿಯೊ ಹೆದರಿದ್ದ ಬೆಲ್ಲದ ನೀರು ಅದೇ. ಕುಡಿದ. ಬೆಟ್ಟದ ಗಾಳಿಗೆ ಮರಗಟ್ಟಿದ್ದ ಬೆರಳುಗಳು ಲೋಟದ ಸುತ್ತ ಮೆತ್ತಗಾದವು. ಹೊರಡುವಾಗ ರುಪೆರ್ತ ಕರೆದಿಟ್ಟಿದ್ದ ಹಾಲಿನ ಕ್ಯಾನು ಹೊತ್ತು, ಹೇಳದೆ ಕೇಳದೆ ಮೆರವಣಿಗೆಗೆ ಸೇರಿಕೊಂಡಳು.

ಎರಡನೆಯದು ಇಸಾಯಿಯಸನ ಮನೆ. ರಸ್ತೆ ರಿಪೇರಿಯ ಕೆಲಸದವನು. ಡಿಸೆಂಬರಿನಲ್ಲಿ ಅವನ ಹೆಂಡತಿ ತೀರಿಕೊಂಡಿದ್ದಳು. ಆಗ ಕುಸ್ತೋದಿಯೊ ಪೇಟೆಯಿಂದ ದೊಡ್ಡ ಹೂವಿನ ಚಕ್ರ ತರಿಸಿ ಕಳಿಸಿದ್ದ, ತಾನು ಹೋಗಿರಲಿಲ್ಲ. ಹಾಡು ಮುಗಿದರೂ ಬಾಗಿಲು ತೆರೆಯಲಿಲ್ಲ. ಎರಡನೆಯ ಸಲ ಹಾಡಿದ. ಈ ಸಲ ಯಾರೂ ನಗಲಿಲ್ಲ, ಮಕ್ಕಳೂ ದನಿಗೂಡಿಸಿದರು. ಇಸಾಯಿಯಸ್ ಬಾಗಿಲು ಅರ್ಧ ತೆರೆದು ನಿಂತ. ಅವನ ಹಿಂದೆ ಕತ್ತಲು.

"ಇಲ್ಲಿ ಯಾವ ಮಗೂನೂ ಇಲ್ಲ. ಈ ವರ್ಷ ಗೋದಲೀನೇ ಇಟ್ಟಿಲ್ಲ ನಾನು. ಅವಳು ಇಡ್ತಿದ್ಲು."

ಕುಸ್ತೋದಿಯೊಗೆ ತಾನು ಕಳಿಸಿದ ಹೂವಿನ ಚಕ್ರ ನೆನಪಾಯಿತು. ರಿಬ್ಬನ್ನಿನ ಮೇಲೆ ಸತ್ತವಳ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ತನ್ನ ಹೆಸರಿತ್ತು.

"ಒಳಗ್ ಬರ್ಬಹುದಾ ಇಸಾಯಿಯಸ್?" ಎಂದ. "ಹುಡುಕೋಕಲ್ಲ. ಅವಳಿಗೋಸ್ಕರ ಒಂದು ಜಪಸರ ಹೇಳಿ ಹೋಗ್ತೀವಿ."

ಇಸಾಯಿಯಸ್ ಪಕ್ಕಕ್ಕೆ ಸರಿದ. ಆ ಸಣ್ಣ ಕೋಣೆಯಲ್ಲಿ ಎಲ್ಲರೂ ಮಣ್ಣಿನ ನೆಲದ ಮೇಲೆ ಮಂಡಿಯೂರಿದರು. ರಟ್ಟಿನ ರೆಕ್ಕೆಗಳು ಒಂದಕ್ಕೊಂದು ತಾಗುತ್ತಿದ್ದವು. ಕುಸ್ತೋದಿಯೊ ತನ್ನ ಮನೆಯ ಪರದೂರದಲ್ಲಿ ಜಪಸರಕ್ಕೆ ಕೂತವನೇ ಅಲ್ಲ. ವೈನು ಸಾಲುತ್ತದೋ, ಪಂಚಾಯ್ತಿಯವರಿಗೆ ಕುರ್ಚಿ ಸಿಕ್ಕಿತೋ ಎಂದು ಓಡಾಡುವುದರಲ್ಲೇ ಅವನ ಪ್ರಾರ್ಥನೆ ಮುಗಿಯುತ್ತಿತ್ತು. ಈವತ್ತು ಓಡಾಡಲು ಏನೂ ಇರಲಿಲ್ಲವಾದ್ದರಿಂದ ಕೊನೆಯ ಮಣಿಯವರೆಗೂ ಕೂತ. ಎದ್ದಾಗ ಇಸಾಯಿಯಸ್ ಕಣ್ಣೊರೆಸಿಕೊಂಡು, ಗೋಡೆಯ ಮೊಳೆಯಿಂದ ಕಂಬಳಿ ತೆಗೆದು ಹೊದ್ದ. "ನಡೀರಿ, ನಾನೂ ಬರ್ತೀನಿ. ಸಿಕ್ಕೇ ಸಿಗುತ್ತೆ ಮಗು."

ಹೀಗೆ ಮನೆಯಿಂದ ಮನೆಗೆ ಜನ ಹೆಚ್ಚುತ್ತ ಹೋದರು. ಒಬ್ಬರು ಅರೆಪ ಎಂಬ ಗೋಧಿ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ತಂದರು, ಇನ್ನೊಬ್ಬರು ದಾಲ್ಚಿನ್ನಿ ಚಕ್ಕೆಯ ಒಂದು ತುಂಡು, ಮತ್ತೊಬ್ಬರು ಬರಿಗೈ. ಕುಸ್ತೋದಿಯೊನ ದನಿ ಸುಧಾರಿಸಲಿಲ್ಲ. ಆದರೆ ಐದನೆಯ ಮನೆಯ ಹೊತ್ತಿಗೆ ಅವನ ತಲೆಯಲ್ಲಿದ್ದ ಪ್ರಶ್ನೆ ಬದಲಾಗಿತ್ತು. ಕದ್ದವರು ಯಾರು ಎಂಬುದು ಮರೆತೇಹೋಗಿತ್ತು. ಮಗು ಎಲ್ಲಿ ಎಂಬುದೊಂದೇ ಉಳಿದಿತ್ತು. ಕಾಲಿಗೆ ಬೊಬ್ಬೆ ಬಂದು, ಗಂಟಲು ಕಟ್ಟಿ, ಆ ಗೇಣುದ್ದದ ಮರದ ಗೊಂಬೆಗಾಗಿ ಅವನು ನಿಜವಾಗಿಯೂ ಹಂಬಲಿಸುತ್ತಿದ್ದ. ಊರು ಅವನ ಬಗ್ಗೆ ಏನೇ ಹೇಳಲಿ, ಆ ದಿನ ಅವನನ್ನು ಕಂಡವರಿಗೆ ಅವನ ಮೇಲೆ ಪ್ರೀತಿ ಹುಟ್ಟದೆ ಇರಲಿಲ್ಲ.

ಬಿಸಿಲು ಬೆಟ್ಟದ ತುದಿಗೆ ಏರಿದ್ದಾಗ ಊರಿನ ಎಲ್ಲಕ್ಕಿಂತ ಮೇಲಿನ ಮನೆ ತಲುಪಿದರು. ಅದು ಓನೊಫ್ರೆಯ ಮನೆ. ಒಳಗಿನಿಂದ ಪಿಟೀಲು ಕೇಳಿಸಿತು. ಬಾಗಿಲ ಪಕ್ಕ ಅವನ ಹೇಸರಗತ್ತೆ ಇನ್ನೂ ಜೀನು ಬಿಚ್ಚದೆ ನಿಂತಿತ್ತು. ಕುಸ್ತೋದಿಯೊ ಹಾಡಲು ಬಾಯಿ ತೆರೆಯುವಷ್ಟರಲ್ಲಿ ಬಾಗಿಲೇ ತೆರೆಯಿತು.

ಒಳಗೆ, ಮಣೆಯ ಮೇಲೆ, ಶಾಲಿನಲ್ಲಿ ಸುತ್ತಿದ ಬಾಲಯೇಸುವನ್ನು ಮಡಿಲಲ್ಲಿಟ್ಟುಕೊಂಡು ಎಪಿಫಾನಿಯಜ್ಜಿ ಕೂತಿದ್ದಳು.

"ಅವ್ವಾ! ನೀನಾ?"

"ನಾನೇ. ಇನ್ಯಾರು?"

"ನಮ್ಮನೆಗೆ ನೀನೇ ಕನ್ನ ಹಾಕಿದ್ಯಾ? ಬೀಗ..."

"ಆ ಬೀಗ ತಂದಿದ್ದು ನಿಮ್ಮಪ್ಪ, ನಮ್ಮ ಮದುವೆ ವರ್ಷ. ಅದಕ್ಕೆ ಎರಡು ಕೈ ಇದೆ ಅಂತ ನೀನು ಯಾವತ್ತಾದ್ರೂ ಕೇಳಿದ್ಯಾ?"

ಜನ ಗೊಳ್ಳೆಂದು ನಕ್ಕರು. ಓನೊಫ್ರೆ ಪಿಟೀಲಿನ ಹಿಂದೆ ಅಡಗಿಕೊಂಡ. "ಹೇಸರಗತ್ತೆ ಮೇಲೆ ಹಿಂದಿನ ದಾರೀಲಿ ಕರ್ಕೊಂಡು ಬಂದಿದ್ದು ನಾನೇ ಸ್ವಾಮಿ. ಅಜ್ಜಿ ಹೇಳಿದ್ಮೇಲೆ ಇಲ್ಲ ಅನ್ನೋಕಾಗುತ್ತಾ?"

ಮೌರ ನೆಲ ನೋಡುತ್ತಿದ್ದಳು. ಅವಳಿಗೂ ಗೊತ್ತಿತ್ತೆಂದು ಕುಸ್ತೋದಿಯೊಗೆ ಆಗ ಹೊಳೆಯಿತು. ಕೋಪ ಬರಬೇಕಿತ್ತು, ಬರಲಿಲ್ಲ. ತಾಯಿಯ ಮುಂದೆ ಕುಕ್ಕುರುಗಾಲಲ್ಲಿ ಕೂತ.

"ಯಾಕವ್ವಾ? ಕೇಳಿದ್ರೆ ಸಾಕಿತ್ತಲ್ಲ."

"ಕೇಳ್ದೆ. ನೀನು ಮುಂದಿನ ವರ್ಷ ಅಂದೆ." ಅಜ್ಜಿ ಮಗುವಿನ ಮುಖದ ಮೇಲಿನ ಹುಲ್ಲಿನ ಎಳೆಯೊಂದನ್ನು ತೆಗೆದಳು. "ನಿಮ್ಮಪ್ಪ ಇದ್ದಾಗ ಪ್ರತಿ ವರ್ಷ ನೋಡ್ತಿದ್ದೆ ಕಣೋ, ಮಗು ನಿಲ್ಲೋದನ್ನ. ನೀನು ಕುರಿ ಕಡಿಯೋಕೆ ಶುರು ಮಾಡಿದ್ಮೇಲೆ ಒಂದು ಸಲಾನೂ ನೋಡಿಲ್ಲ. ಇನ್ನೂರು ಜನಕ್ಕೆ ಹಾಲು ಕಾಯಿಸ್ಬೇಕಲ್ಲ. ಹಾಡು ಕೇಳ್ಸೋ ಹೊತ್ತಿಗೆ ಸರಿಯಾಗಿ ಹಾಲು ಉಕ್ಕುತ್ತೆ. ಬಿಟ್ಟು ಬರೋ ಹಂಗಿಲ್ಲ. ಇಪ್ಪತ್ತು ವರ್ಷದಿಂದ ನಮ್ಮನೆ ಮಗು ನಿಲ್ಲೋದು ಗೋಡೆಯಾಚೆ ಕೇಳಿಸ್ಕೊಂಡಿದೀನಿ, ಅಷ್ಟೆ. ಈ ಸಲ ಬೆಳ್ಳುಳ್ಳಿ ಹೋಯ್ತಲ್ಲ, ಕುರಿ ಇಲ್ಲ, ಜನ ಇಲ್ಲ, ಈ ಸಲ ನೋಡ್ತೀನಿ ಅಂತ ಎಷ್ಟು ಖುಷಿಯಾಗಿತ್ತು ಗೊತ್ತಾ ನಂಗೆ? ನೀನು ಬೀಗ ಹಾಕ್ಬಿಟ್ಟೆ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಹವೆಯ ಬಗ್ಗೆ ಹೇಳುವಂತೆ ಹೇಳಿದಳು. ಆ ಇಪ್ಪತ್ತು ಪರದೂರಗಳಲ್ಲಿ ಯಾರು ಎಲ್ಲಿ ಕೂತಿದ್ದರು, ಯಾರಿಗೆ ಎರಡನೆಯ ಲೋಟ ವೈನು ಹೋಯಿತು ಎಂಬುದೆಲ್ಲ ಕುಸ್ತೋದಿಯೊಗೆ ನೆನಪಿತ್ತು. ತಾಯಿ ಮಾತ್ರ ಆ ಯಾವ ನೆನಪಿನಲ್ಲೂ ಇರಲಿಲ್ಲ.

ಅಜ್ಜಿ ತಲೆಗೆ ಕಟ್ಟಿದ್ದ ಹತ್ತಿಯ ವಸ್ತ್ರ ಬಿಚ್ಚಿದಳು. ಅದರಲ್ಲೇ ಮಗುವನ್ನು ಮಲಗಿಸಿ, ದಾರಿಯುದ್ದಕ್ಕೂ ಮಕ್ಕಳು ಸರದಿಯಲ್ಲಿ ಮೂಲೆ ಹಿಡಿದು ಕೆಳಗಿಳಿಸಿದರು. ಓನೊಫ್ರೆ ಮುಂದೆ ಬಾರಿಸುತ್ತ ನಡೆದ. ಅಜ್ಜಿ ಹೇಸರಗತ್ತೆಯ ಮೇಲೆ. ಅದರ ಹಗ್ಗ ಕುಸ್ತೋದಿಯೊನ ಕೈಯಲ್ಲಿ. ಪಟಾಕಿ ಇರಲಿಲ್ಲ, ಹಾಗಾಗಿ ಹೊಳೆಯ ಸದ್ದು ಕೇಳಿಸಿತು.

ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ಅಂಗಳದ ಗೇಟಿನ ಬಳಿ ಹೆರ್ವಾಸಿಯೊ ಕೆಲಸ ಮುಗಿಸಿಕೊಂಡೋ ಏನೋ, ಕಂಕುಳಲ್ಲಿ ಒಂದು ಬಾಟಲಿ ಅವುಚಿಕೊಂಡು ಸಂಕೋಚದಿಂದ ನಿಂತಿದ್ದ. ಯಾರೂ ಅವನನ್ನು ಏನೂ ಕೇಳಲಿಲ್ಲ. ರುಪೆರ್ತಳ ಹಾಲು, ಚಕ್ಕೆ, ಬೆಲ್ಲ ಎಲ್ಲವೂ ದೊಡ್ಡ ಪಾತ್ರೆಯಲ್ಲಿ ಒಲೆಯ ಮೇಲೇರಿದವು. ಕುಸ್ತೋದಿಯೊ ಸೊಂಟದ ಬೀಗದ ಕೈ ತೆಗೆದು ನಡುಮನೆ ತೆರೆದ. ಪೆಟ್ಟಿಗೆಯಲ್ಲಿದ್ದ ರೇಷ್ಮೆ ವಸ್ತ್ರ ಯಾರಿಗೂ ನೆನಪಾಗಲಿಲ್ಲ. ಅಜ್ಜಿಯ ತಲೆವಸ್ತ್ರದ ಒಂದು ಮೂಲೆ ರುಪೆರ್ತ ಹಿಡಿದಳು, ಒಂದು ಇಸಾಯಿಯಸ್, ಒಂದು ಮೌರ. ನಾಲ್ಕನೆಯದಕ್ಕೆ, ಇಪ್ಪತ್ತು ವರ್ಷದ ರೂಢಿಯಂತೆ, ಹೆರ್ವಾಸಿಯೊನ ಕೈ ಮುಂದೆ ಬಂತು.

ಕುಸ್ತೋದಿಯೊ ಸುತ್ತ ನೋಡಿದ. ತಾಯಿ ಇರಲಿಲ್ಲ. ಹೇಸರಗತ್ತೆಯಿಂದ ಇಳಿದವಳ ಕಾಲು ತಾನಾಗಿಯೇ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗಿತ್ತು.

ಅಡುಗೆಮನೆಯಲ್ಲಿ ಅವಳು ಅಂಗಿಯ ತೋಳು ಮೇಲಕ್ಕೆ ಮಡಿಸಿ, ಸೌಟು ಹಿಡಿದು, ಪಾತ್ರೆಯ ಮುಂದೆ ನಿಂತಿದ್ದಳು.

"ಅವ್ವಾ, ಏನ್ ಮಾಡ್ತಿದ್ದೀಯ ಇಲ್ಲಿ?"

"ಹಾಲು ಉಕ್ಕುತ್ತಲ್ಲೋ. ಯಾರಾದ್ರೂ ನೋಡ್ಕೋಬೇಕಲ್ಲ."

ಕದ್ದವಳೇ ಮರೆತಿದ್ದಳು ತಾನು ಯಾಕೆ ಕದ್ದೆನೆಂದು! ಕುಸ್ತೋದಿಯೊ ಸೌಟಿಗೆ ಕೈ ಹಾಕಿದ. "ಕೊಡು ಇಲ್ಲಿ. ನಾನು ನೋಡ್ಕೋತೀನಿ."

"ನಿಂಗೇನ್ ಬರುತ್ತೆ? ತಳ ಹಿಡಿಸ್ತೀಯ."

"ಹೇಳ್ಕೊಡು, ಕಲೀತೀನಿ."

ಮುದುಕಿ ಮಗನ ಮುಖವನ್ನು ಒಂದು ಕ್ಷಣ ದಿಟ್ಟಿಸಿದಳು. ಆಮೇಲೆ ಅವನ ಕೈ ಹಿಡಿದು ಎರಡು ಸುತ್ತು ತಿರುವಿಸಿದಳು. "ಹಿಂಗೆ. ತಳದಿಂದ. ಏನೇ ಆಗ್ಲಿ, ಕಣ್ಣು ಮಾತ್ರ ತೆಗೀಬೇಡ. ಒಂದೇ ಚಣ ಸಾಕು ಉಕ್ಕೋಕೆ."

"ತೆಗೆಯಲ್ಲ. ಹೋಗು ನೀನು." ಅವನು ಬಾಗಿಲ ಕಡೆ ತಿರುಗಿ ಇಡೀ ಮನೆಗೆ ಕೇಳುವಂತೆ ಕೂಗಿದ: "ಹೆರ್ವಾಸಿಯೊ! ಆ ಮೂಲೆ ಬಿಡಿ. ಅದು ನಮ್ಮವ್ವಂದು!"

ಹೆರ್ವಾಸಿಯೊ ಕೆಟ್ಟವನಲ್ಲ. ಕೆಂಡ ತಾಗಿದಂತೆ ಕೈ ಹಿಂದೆಳೆದುಕೊಂಡು, ಬಾಟಲಿ ಕೆಳಗಿಟ್ಟು, ಮೇಣದಬತ್ತಿ ಹಿಡಿದು ಮುದುಕಿಗೆ ದಾರಿ ಬಿಟ್ಟ.

ಪಿಟೀಲು ಶುರುವಾಯಿತು. ಹೆಜ್ಜೆಗಳು ಅಂಗಳದ ಸುತ್ತ ಹೋದವು, ಬಂದವು. ಅಭ್ಯಾಸವಿಲ್ಲದ ದನಿಗಳು, ಒಂದು ಮೇಲೆ, ಒಂದು ಕೆಳಗೆ, ಒಟ್ಟಿಗೆ ಹಾಡಿದವು. ಕುಸ್ತೋದಿಯೊ ಗೋಡೆಗೆ ಮುಖ ಮಾಡಿ ಸೌಟು ತಿರುವುತ್ತಿದ್ದ. ಹಾಡು ಏರುತ್ತಿದ್ದಂತೆ ಹಾಲೂ ಏರತೊಡಗಿತು, ಅವಳು ಹೇಳಿದ್ದಂತೆಯೇ, ಸರಿಯಾಗಿ ಅದೇ ಹೊತ್ತಿಗೆ. ಒಂದು ಸಲ, ಒಂದೇ ಒಂದು ಸಲ, ಓಡಿಹೋಗಿ ಬಾಗಿಲಿಂದ ಇಣುಕಿ ಬರೋಣವೆನ್ನಿಸಿತು. ಕಾಲು ಎತ್ತಿದ. ಹಾಲು ಅಂಚಿಗೆ ಬಂತು. ಕಾಲು ಇಳಿಸಿದ. ಇಪ್ಪತ್ತು ವರ್ಷ ಅವಳೂ ಹೀಗೇ ಎಷ್ಟು ಸಲ ಕಾಲೆತ್ತಿ ಇಳಿಸಿರಬೇಕು! ಅವನ ಕಣ್ಣು ತುಂಬಿತು. ಹೊಗೆ ಎಂದು ಹೇಳಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.

ಗೋಡೆಯಾಚೆ ಹಾಡು ನಿಂತಿತು.

"ಅವ್ವಾ," ಎಂದು ಅವನು ಪಾತ್ರೆಯಿಂದ ಕಣ್ಣು ತೆಗೆಯದೆ ಕೂಗಿದ, "ನಿಂತ್ಕೊಂಡ್ನಾ?"

"ನಿಂತ್ಕೊಂಡ ಕಣೋ ಮಗ," ಎಂದಳು ಎಪಿಫಾನಿಯಜ್ಜಿ. "ನೋಡ್ದೆ. ನೀನು ಹಾಲು ನೋಡು."

ಕುಸ್ತೋದಿಯೊ ಹಾಲು ನೋಡಿದ.